ವಸ್ತಿ ಬಸ್ಸಿಗೆ ಚಾರ್ಜರ್ ಎಲ್ಲಿ?

ಇವತ್ತು ಪದವಿ ಪಡೆದ ಮಕ್ಕಳೆ,

ನಿಮಗೆಲ್ಲ ಅಭಿನಂದನೆ. ಚಿನ್ನದ ಪದಕದವರಿಗೆ ಸ್ವಲ್ಪ ಹೆಚ್ಚು, ನಿಮ್ಮ ಅಪ್ಪ-ಅವ್ವಂದಿರಿಗೆ ಇನ್ನೂ ಹೆಚ್ಚು. ಹಿಂದಿನ ಸಾಲಿನಲ್ಲಿ ಕೂತ ಹಿರಿಯರು ಆಗಲೇ ಗಡಿಯಾರ ನೋಡುತ್ತಿದ್ದಾರೆ. ಆಳಂದ, ಅಫಜಲಪುರ, ಜೇವರ್ಗಿ ಕಡೆಯವರಿರಬೇಕು. ಸಂಜೆ ಗಾಡಿ ತಪ್ಪಿದರೆ ಏನಾಗುತ್ತದೆಂದು ಅವರಿಗೆ ಗೊತ್ತು. ಹಾಗಾಗಿ ಪೀಠಿಕೆ ಬೇಡ.

ಕುಲಪತಿಗಳು ‘ಸುಸ್ಥಿರ ಸಾರಿಗೆಯ ಭವಿಷ್ಯ’ ಎಂಬ ವಿಷಯ ಕೊಟ್ಟಿದ್ದಾರೆ. ನಾನು ಬಸ್ ಓಡಿಸುವ ಸಂಸ್ಥೆಯಲ್ಲಿ ಬದುಕು ಸವೆಸಿದವನು. ಭವಿಷ್ಯವೆಂದರೆ ನನಗೆ ನಾಳೆ ಬೆಳಗಿನ ಐದೂವರೆಯ ಗಾಡಿ. ಅದರ ಬಗ್ಗೆಯೇ ಮಾತಾಡುತ್ತೇನೆ.

ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕು ಕೇಂದ್ರಗಳಲ್ಲಿ ಒಂದಕ್ಕೂ ರೈಲಿಲ್ಲ. ಸೊಲ್ಲಾಪುರದಿಂದ ವಾಡಿಗೆ ಹೋಗುವ ಹಳಿ 1870ರ ದಶಕದಿಂದ ಇದೆ. ಅದರ ಮೇಲೆ ದತ್ತಾತ್ರೇಯನ ಹೆಸರು ಹೊತ್ತ ಗಾಣಗಾಪುರ ರೋಡ್ ಸ್ಟೇಷನ್ನೂ ಇದೆ. ಆದರೆ ಇಳಿದವರು ದೇವಲ ಗಾಣಗಾಪುರ ಮುಟ್ಟಲು ಮತ್ತೆ ಬಸ್ಸೋ ಟಂಟಮ್ಮೋ ಹತ್ತಲೇಬೇಕು. ಆಳಂದಕ್ಕೆ ರೈಲು ಬೇಕೆಂಬ ಬೇಡಿಕೆ ನಿಮ್ಮ ಅಜ್ಜಂದಿರ ಕಾಲದ್ದು. ನಾನು ಅದಕ್ಕೆ ಕಾಯುವುದನ್ನು ಬಿಟ್ಟಿದ್ದೇನೆ. ಇಲ್ಲಿ ಸಾರಿಗೆ ಎಂದರೆ ಬಸ್ಸು, ಅದು ಬರದಿದ್ದರೆ ಕ್ರೂಸರ್, ಅದೂ ಬರದಿದ್ದರೆ ತೊಗರಿ ರಾಶಿಗೆ, ಹತ್ತಿ ಬಿಡಿಸುವುದಕ್ಕೆ ಹೆಣ್ಣುಮಕ್ಕಳನ್ನು ಸಾಮಾನಿನ ಹಾಗೆ ತುಂಬಿಕೊಂಡು ಹೋಗುವ ಗೂಡ್ಸ್ ಗಾಡಿ.

ನನಗೆ ಈ ಕೆಲಸ ಕಲಿಸಿದ್ದು ಬಸ್ ನಿಲ್ದಾಣದ ಒಬ್ಬ ಕಂಟ್ರೋಲರ್. ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದರು. ನಿಜಾಮರ ಕಾಲದಲ್ಲಿ, 1932ರಲ್ಲಿ, ಹೈದರಾಬಾದ್ ಸಂಸ್ಥಾನದ ರೈಲ್ವೆ ಇಲಾಖೆಯೇ 27 ಬಸ್ಸು, 166 ನೌಕರರೊಡನೆ ರಸ್ತೆ ಸಾರಿಗೆ ಶುರುಮಾಡಿತ್ತು. ಆ ಇಲಾಖೆಯ ಕೊನೆಗಾಲದಲ್ಲಿ ಕಾಕಾ ಹುಡುಗನಾಗಿ ಕ್ಲೀನರ್ ಕೆಲಸಕ್ಕೆ ಸೇರಿದವರು. 1956ರಲ್ಲಿ ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಗಾಡಿಗಳ ಜೊತೆ ಅವರೂ ಬಂದರು. ಲೆಕ್ಕ ಬರೆಯುತ್ತಿದ್ದದ್ದು ಉರ್ದುವಿನಲ್ಲಿ, ಬೈಯುತ್ತಿದ್ದದ್ದು ಕನ್ನಡದಲ್ಲಿ.

ಅವರ ಹತ್ತಿರ ಒಂದು ನೋಟ್‌ಬುಕ್ ಇತ್ತು. ಯಾವ ಊರಿನ ಸಂತೆ ಯಾವ ವಾರ, ಗಾಣಗಾಪುರದ ಹುಣ್ಣಿಮೆಗೆ ಎಷ್ಟು ಗಾಡಿ ಹೆಚ್ಚು ಬೇಕು, ಆಳಂದದ ಲಾಡ್ಲೆ ಮಶಾಕರ ಉರುಸು ಯಾವಾಗ, ಘತ್ತರಗಿ ಭಾಗ್ಯವಂತಿಯ ಜಾತ್ರೆ ಯಾವಾಗ, ಮಳೆ ಬಿದ್ದರೆ ಯಾವ ಯರಿಭೂಮಿಯ ದಾರಿಯಲ್ಲಿ ಗಾಲಿ ಹೂತುಹೋಗುತ್ತದೆ, ಯಾವ ಊರಲ್ಲಿ ಬಸ್ ತಿರುಗಿಸಲು ಜಾಗವಿಲ್ಲದೆ ಅರ್ಧ ಫರ್ಲಾಂಗು ಹಿಂದಕ್ಕೆ ಓಡಿಸಬೇಕು, ಎಲ್ಲವೂ ಅದರಲ್ಲಿತ್ತು. ಈಗಿನವರು ಅದನ್ನು ಡೇಟಾ ಅನ್ನುತ್ತಾರೆ. ಕಾಕಾ ‘ಊರಿನ ಕುಂಡಲಿ’ ಅನ್ನುತ್ತಿದ್ದರು.

ನಾನು ತರಬೇತಿಯಲ್ಲಿದ್ದಾಗ ಭೀಮಾ ದಂಡೆಯ ಒಂದು ಹಳ್ಳಿಯ ವಸ್ತಿ ಬಸ್ ರದ್ದಾಗುವ ಪಟ್ಟಿಗೆ ಬಂತು. ಬೇರೆ ಕಡೆಯಿಂದ ಬಂದವರಿಗೆ ಹೇಳುತ್ತೇನೆ: ವಸ್ತಿ ಬಸ್ ಎಂದರೆ ರಾತ್ರಿ ಕೊನೆಯ ಗಾಡಿಯಾಗಿ ಹಳ್ಳಿಗೆ ಹೋಗಿ, ಅಲ್ಲೇ ಹಣಮಪ್ಪನ ಗುಡಿ ಮುಂದೆ ಮಲಗಿ, ಬೆಳಗ್ಗೆ ಮೊದಲ ಗಾಡಿಯಾಗಿ ಹೊರಡುವ ಬಸ್ಸು. ಡ್ರೈವರ್, ಕಂಡಕ್ಟರ್ ಅದರಲ್ಲೇ ಮಲಗುತ್ತಾರೆ. ಪಟ್ಟಿಗೆ ಬಂದ ಆ ಗಾಡಿಯ ಗಳಿಕೆ ಕಿಲೋಮೀಟರಿಗೆ ಡೀಸೆಲ್ ಖರ್ಚೂ ಹುಟ್ಟುವಷ್ಟಿರಲಿಲ್ಲ. ಕಾಕಾ ಕಾಗದ ನೋಡಿ, “ತಮ್ಮಾ, ಬಸ್ ಖಾಲಿ ಬಂತು ಅಂತ ಬರೀಬ್ಯಾಡ. ಯಾರು ಬರ್ಲಿಲ್ಲ, ಯಾಕ ಬರ್ಲಿಲ್ಲ, ಅದನ್ನ ಬರಿ” ಅಂದರು. ಆ ರಾತ್ರಿ ನನ್ನನ್ನು ಅದೇ ಗಾಡಿಯಲ್ಲಿ ಕಳಿಸಿದರು. ಬೆಳಗ್ಗೆ ಹತ್ತಿದವರು ಕೆಲವೇ ಜನ. ಹಾಲಿನ ಕ್ಯಾನು ಹಿಡಿದವರು, ಬದನೆಕಾಯಿ ಬುಟ್ಟಿಯವರು, ಸರಕಾರಿ ದವಾಖಾನೆಗೆ ಹೊರಟ ಬಸುರಿ, ಅವಳ ಅತ್ತೆ. ಉಳಿದವರು ಹತ್ತಿರಲಿಲ್ಲ. ಬಸ್ಸು ಪೇಟೆ ಮುಟ್ಟುವ ಹೊತ್ತಿಗೆ ಹರಾಜಿನ ಸವಾಲು ಮುಗಿದಿರುತ್ತಿತ್ತು, ಪ್ಯಾಸೆಂಜರ್ ರೈಲೂ ಹೋಗಿರುತ್ತಿತ್ತು. ಕಾಕಾ ಗಾಡಿಯನ್ನು ಅರ್ಧ ತಾಸು ಮುಂಚೆ ಬಿಡಿಸಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಅದರಲ್ಲಿ ಸೀಟು ಸಿಗುತ್ತಿರಲಿಲ್ಲ. ಹೊಸ ಬಸ್ಸಿಲ್ಲ, ಹೊಸ ರಸ್ತೆಯಿಲ್ಲ, ಅನುದಾನವಿಲ್ಲ. ಗಾಡಿಯ ವೇಳಾಪಟ್ಟಿ ಇರುವ ಫಾರಂ-4ರಲ್ಲಿ ಒಂದು ಅಂಕಿ ಬದಲಾಯಿತು, ಅಷ್ಟೇ.

ಈಗ ಎಲೆಕ್ಟ್ರಿಕ್ ಬಸ್ಸಿನ ಕಾಲ. ಬರಲಿ, ನಾನು ವಿರೋಧಿಯಲ್ಲ. ಡೀಸೆಲ್ ಹೊಗೆ ಕುಡಿದ ಪುಪ್ಪುಸ ನನ್ನದು. ಆದರೆ 2023ರಲ್ಲಿ ಕೇಂದ್ರ ಸರಕಾರ ಹತ್ತು ಸಾವಿರ ಬಸ್ಸುಗಳ ಪಿಎಂ-ಇ-ಬಸ್ ಸೇವಾ ಯೋಜನೆ ಹೊರಡಿಸಿದಾಗ, ಅದರ ಮುಖ್ಯ ಅಳತೆ ಮೂರು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರ. ಕಲಬುರಗಿ ಆ ಅಳತೆಗೆ ಸಿಗುತ್ತದೆ, ಆಳಂದ ಸಿಗುವುದಿಲ್ಲ. ಗುತ್ತಿಗೆದಾರನಿಗೆ ಕಿಲೋಮೀಟರ್ ಲೆಕ್ಕದಲ್ಲಿ ದುಡ್ಡು, ಬಸ್ಸು ರಾತ್ರಿ ಡಿಪೊಗೆ ಮರಳಿ ಚಾರ್ಜ್ ಆಗಬೇಕು. ಹಾಗಾದರೆ ಗುಡಿ ಮುಂದೆ ಮಲಗುವ ಗಾಡಿಯ ಗತಿ ಏನು? ಮಲಗುವ ಡ್ರೈವರ್ ಯಾರವನು, ಕಂಪನಿಯವನೋ, ನಿಗಮದವನೋ? ಇದನ್ನು ಈಗಲೇ ಕೇಳದಿದ್ದರೆ ಡೀಸೆಲ್ ಹೋಗುವ ದಿನ ವಸ್ತಿ ಬಸ್ಸೂ ಹೋಗುತ್ತದೆ. ಯಾರೂ ರದ್ದು ಮಾಡಿರುವುದಿಲ್ಲ, ಆದರೂ ಹೋಗುತ್ತದೆ.

ಎಂಜಿನಿಯರಿಂಗ್ ಓದಿದವರು ನನ್ನ ಲೆಕ್ಕ ತಿದ್ದಿ. ಒಂಬತ್ತು ಮೀಟರ್ ಬಸ್ಸಿನ ಬ್ಯಾಟರಿ ಸುಮಾರು 200 ಯೂನಿಟ್ ಹಿಡಿಯುತ್ತದೆ ಅಂದುಕೊಳ್ಳಿ. ರಾತ್ರಿ ಒಂಬತ್ತಕ್ಕೆ ಬಂದದ್ದು ಐದೂವರೆಗೆ ಹೊರಡಬೇಕು. ಎಂಟೂವರೆ ತಾಸಿಗೆ 25 ಕಿಲೊವ್ಯಾಟ್ ಸಾಕು. ಐದು ಎಚ್‌ಪಿಯ ಏಳು ಪಂಪ್‌ಸೆಟ್ ಒಟ್ಟಿಗೆ ಓಡಿದಷ್ಟು. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಕರೆಂಟ್ ಲೈನು, ಹೊಲದ ಲೈನು ಬೇರೆಯಾಗಿವೆ. ಪಂಚಾಯಿತಿ ಕಟ್ಟೆಯ ಪಕ್ಕ ಒಂದು ನಿಧಾನದ ಚಾರ್ಜರ್ ನಿಲ್ಲಿಸುವುದು ಚಂದ್ರಯಾನವಲ್ಲ. ನಿಮ್ಮಲ್ಲಿ ಯಾರಾದರೂ ಪ್ರಾಜೆಕ್ಟ್ ವರ್ಕಿಗೆ ಇದನ್ನು ಮಾಡಿದ್ದೀರಾ? ಪಟ್ಟಿ ತರಿಸಿ ನೋಡಿದೆ. ಆ್ಯಪು ಬಹಳ ಇವೆ. ಬಸ್ಸೇ ಇಲ್ಲದ ಊರಿಗೆ ಬಸ್ ಎಲ್ಲಿದೆ ಎಂದು ತೋರಿಸುವ ಆ್ಯಪ್ ಯಾಕೆ, ಹೇಳಿ.

2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂತು. ಬಿಟ್ಟಿ ಟಿಕೆಟ್ ಎಂದು ಮೂಗು ಮುರಿದವರಲ್ಲಿ ನಮ್ಮ ಹುಡುಗರೇ ಹೆಚ್ಚು. ತವರಿಗೆ, ದವಾಖಾನೆಗೆ, ಕೂಲಿಗೆ, ಕಾಲೇಜಿಗೆ ಹೋಗಬೇಕಾಗಿದ್ದೂ ಹೋಗದೆ ಉಳಿದ ಹೆಣ್ಣುಮಕ್ಕಳು ಲೆಕ್ಕಕ್ಕೆ ಬಂದದ್ದೇ ಆವತ್ತು. ಕಾಕಾ ಕೇಳುತ್ತಿದ್ದ “ಯಾರು ಬರ್ಲಿಲ್ಲ” ಎಂಬ ಪ್ರಶ್ನೆಗೆ ಸಿಕ್ಕ ದೊಡ್ಡ ಉತ್ತರ ಅದು. ಜನ ಹೆಚ್ಚಿದಷ್ಟು ಬಸ್ ಹೆಚ್ಚಲಿಲ್ಲ, ಅದು ನಿಜ. ಸಿಟ್ಟು ಅದರ ಮೇಲೆ ಬರಲಿ, ಸೀಟು ಹಿಡಿದ ಅವ್ವನ ಮೇಲೆ ಬೇಡ.

ಇನ್ನೊಂದು ಮಾತು ಮೆಟ್ಟಿಲಿನದು. ಅಂಗವಿಕಲರಿಗೆ 100 ಕಿಲೋಮೀಟರ್‌ವರೆಗೆ ರಿಯಾಯಿತಿ ಪಾಸ್ ಇದೆ. ಸಾರಿಗೆ ಎಲ್ಲರಿಗೂ ಎಟುಕಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಹೇಳುತ್ತದೆ. ಆದರೆ ನಮ್ಮ ಸಾದಾ ಬಸ್ಸಿನ ಮೊದಲ ಮೆಟ್ಟಿಲೇ ಮೊಣಕಾಲೆತ್ತರ. ಪಾಸ್ ಕಿಸೆಯಲ್ಲಿ, ಮನುಷ್ಯ ನೆಲದ ಮೇಲೆ. ತಗ್ಗು ಬಸ್ಸು ನಮ್ಮ ರಸ್ತೆಗಳಲ್ಲಿ ತಳ ತಾಗುತ್ತದೆ ಎಂಬ ಮಾತಿನಲ್ಲಿ ಹುರುಳಿದೆ. ಹಾಗಿದ್ದರೆ ನಿಲ್ದಾಣದ ಕಟ್ಟೆಯನ್ನಾದರೂ ಎತ್ತರಿಸಿ, ಇಳಿಜಾರು ಮಾಡಿ. ಅದಕ್ಕೆ ಗ್ರಾಮ ಪಂಚಾಯಿತಿಯ ದುಡ್ಡೇ ಸಾಕು.

ಬುದ್ಧಿವಾದ ಹೇಳದಿದ್ದರೆ ಘಟಿಕೋತ್ಸವ ಆಗುವುದಿಲ್ಲವಂತೆ. ಕೆಲಸ ಸಿಕ್ಕ ಮೊದಲ ತಿಂಗಳೇ ಬೈಕಿನ ಕಂತು ಹಾಕಿಸಿಕೊಳ್ಳಬೇಡಿ. ತಗೊಂಡರೆ ಹೆಲ್ಮೆಟ್ ಹಾಕಿ. ಭೂಸನೂರ, ಹವಳಗಾದ ಫ್ಯಾಕ್ಟರಿಗಳಿಗೆ ಕಬ್ಬು ಹೇರಿಕೊಂಡು ಹೋಗುವ ಎರಡು ಟ್ರೇಲರ್ ಟ್ರ್ಯಾಕ್ಟರಿನ ಹಿಂದೆ ರಾತ್ರಿ ದೀಪ ಇರುವುದಿಲ್ಲ. ಬಾಗಿಲಲ್ಲಿ ಜೋತಾಡಿ ರೀಲ್ಸ್ ಮಾಡುವವರಿಗೆ ನನ್ನ ಹತ್ತಿರ ಹೇಳುವ ಒಳ್ಳೆಯ ಮಾತಿಲ್ಲ. ಮದುವೆ ಕಾರ್ಡಿನಲ್ಲಿ ಮುಹೂರ್ತದ ಕೆಳಗೆ ಬಸ್ಸಿನ ಸಮಯವನ್ನೂ ಅಚ್ಚು ಹಾಕಿಸಿ. ಬೆಂಗಳೂರಿಗೆ ಹೋಗುವವರು ಹೋಗಿ. ಹೋಗುವ ಮುಂಚೆ ನಿಮ್ಮೂರಿನ ಮೊದಲ ಗಾಡಿ, ಕೊನೆಯ ಗಾಡಿಯ ಸಮಯವನ್ನು ಶಾಲೆಯ ಗೋಡೆಗೆ ಬಣ್ಣದಲ್ಲಿ ಬರೆದುಹೋಗಿ.

ಊರಲ್ಲೇ ಉಳಿಯುವವರು ಡಿಪೊಗೆ ಅರ್ಜಿ ಕೊಡುವಾಗ ‘ನಮ್ಮೂರಿಗೆ ಬಸ್ ಬಿಡಿ’ ಎಂದಷ್ಟೇ ಗೀಚಬೇಡಿ. ಅಂಥ ಅರ್ಜಿಗಳ ಗಂಟು ನಾನು ಕಂಡಿದ್ದೇನೆ, ಅವು ಗಂಟಿನಲ್ಲೇ ಇರುತ್ತವೆ. ಎಷ್ಟು ಗಂಟೆಗೆ, ಯಾವ ದಾರಿಯಲ್ಲಿ, ಯಾವ ಶಾಲೆ-ಸಂತೆ-ರೈಲಿಗೆ ಹೊಂದಿಕೆಯಾಗಿ, ಎಷ್ಟು ಮಂದಿ ಎಂದು ಬರೆಯಿರಿ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಂತೆ ಮತ್ತೆ ಉಕ್ಕಿದರೆ ಬಳಸುವ ದಾರಿ ಯಾವುದು, ಅದನ್ನೂ ಸೇರಿಸಿ. ಗಾಡಿ ತಿರುಗಿಸುವ ಜಾಗ ಎಲ್ಲಿದೆಯೆಂದು ಕೈಯಿಂದಲೇ ಒಂದು ನಕ್ಷೆ ಬರೆದು ಲಗತ್ತಿಸಿ. ಡಿಪೊ ಮ್ಯಾನೇಜರ್ ಮೊದಲು ನೋಡುವುದೇ ಅದನ್ನು.