ಮುಚ್ಚಿದ ಶಾಲೆ, ಮಾರಾಟದ ಮಾತು
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ಕವಿಗಳನ್ನೂ ಅರಸರನ್ನೂ ಸ್ತುತಿಸುವುದು ವಾಡಿಕೆ. ನಾನು ಬೀಗ ಬಿದ್ದ ಕಟ್ಟಡದ ವಿಷಯವನ್ನು ಎತ್ತಿಕೊಂಡಿದ್ದೇನೆ. ಹಬ್ಬದ ಊಟದಲ್ಲಿ ಹಾಗಲಕಾಯಿಗೂ ಒಂದು ಸ್ಥಳ ಉಂಟಷ್ಟೆ.

ಈ ಮುಂಬಯಿಯಲ್ಲಿ ಕನ್ನಡ ಶಾಲೆಗಳು ಬೆಳೆದ ಬಗೆ ತಮಗೆ ತಿಳಿಯದ್ದಲ್ಲ. ಘಟ್ಟದ ಕೆಳಗಿನಿಂದ ಬಂದ ಹುಡುಗರು ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತಲೇ ಎಸ್.ಎಸ್.ಸಿ. ಮುಗಿಸಿದರು, ಬ್ಯಾಂಕು, ರೈಲ್ವೆ, ಗಿರಣಿಗಳ ಕಚೇರಿಗಳನ್ನು ಸೇರಿದರು. ಶಾಲೆಗೆ ವಂತಿಗೆ ಕೊಟ್ಟವರಲ್ಲಿ ಸಾಹುಕಾರರೂ ಇದ್ದರು, ಸಂಬಳದಲ್ಲಿ ಒಂದೆರಡು ರೂಪಾಯಿ ತೆಗೆದಿಟ್ಟ ಗುಮಾಸ್ತರೂ ಇದ್ದರು. ಅಂದು ಬಂದು ನೆಲೆಸಿದವರ ಮೊಮ್ಮಕ್ಕಳು ಇಂದು ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಕನ್ನಡ ಶಾಲೆಗಳು ಒಂದೊಂದಾಗಿ ಮುಚ್ಚುತ್ತಿವೆ, ಕಟ್ಟಡ ಉಳಿಯುತ್ತದೆ.

ಹೀಗೆ ಉಳಿದ ಒಂದು ಕಟ್ಟಡವನ್ನು ಮಾರಬೇಕೆ ಬೇಡವೆ ಎಂದು ಅದರ ಆಡಳಿತ ಮಂಡಳಿ ಚರ್ಚಿಸಿದ ಸಭೆಯಲ್ಲಿ ನಾನೂ ಕುಳಿತಿದ್ದೆ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಕೋಶಾಧಿಕಾರಿಗಳು ಲೆಕ್ಕ ಮುಂದಿಟ್ಟರು: ತೆರಿಗೆ, ಕಾವಲುಗಾರನ ಸಂಬಳ, ಮಳೆಗಾಲದಲ್ಲಿ ಸೋರುವ ಮಾಳಿಗೆಯ ರಿಪೇರಿ, ವರಮಾನ ಸೊನ್ನೆ. ಮಾರಿ ಬಂದ ಹಣವನ್ನು ಠೇವಣಿ ಇಟ್ಟರೆ ಬಡ್ಡಿಯಿಂದ ವಿದ್ಯಾರ್ಥಿವೇತನ ಕೊಡಬಹುದೆಂದರು. ಒಪ್ಪತಕ್ಕ ಮಾತೇ. ಆಗ ಹಿರಿಯರೊಬ್ಬರು ಎದ್ದು, "ತಾಯಿಯ ತಾಳಿ ಮಾರಿದ ಹಾಗಾಯಿತು, ಸ್ವಾಮಿ!" ಎಂದು ಗದ್ಗದಿತರಾದರು. ಜೋರಾಗಿ ಚಪ್ಪಾಳೆ ಬಿತ್ತು. ಚಪ್ಪಾಳೆ ತಟ್ಟಿದವರಲ್ಲಿ ತಮ್ಮ ಮಕ್ಕಳನ್ನು ಆ ಶಾಲೆಗೆ ಕಳಿಸಿದವರೆಷ್ಟು ಮಂದಿ ಎಂದು ನಾನು ಎಣಿಸತೊಡಗಿದೆ. ಒಂದು ಕೈಯ ಬೆರಳುಗಳು ಸಾಕಾದುವು.

ಎರಡು ಪಕ್ಷದವರಿಗೂ ಒಂದು ಸಂಗತಿ ಮರೆತುಹೋಗಿತ್ತು. ಕಟ್ಟಡ ಮಂಡಳಿಯ ಸ್ವತ್ತಲ್ಲ. ಅದು ದಾನಿಗಳು ಒಪ್ಪಿಸಿದ ಉದ್ದೇಶದ ಸ್ವತ್ತು. ಮಂಡಳಿಯವರು ಪಾರುಪತ್ಯಗಾರರು ಮಾತ್ರ. ಇದು ಭಾವುಕತೆಯ ಮಾತಲ್ಲ, ಕಾಯಿದೆಯ ಮಾತು. 1950ರ ಮುಂಬಯಿ ಪಬ್ಲಿಕ್ ಟ್ರಸ್ಟ್ ಕಾಯಿದೆ ಈಗ ಮಹಾರಾಷ್ಟ್ರದ ಹೆಸರಿನಲ್ಲಿ ಜಾರಿಯಲ್ಲಿದೆ. ಅದರ 36ನೆಯ ಕಲಮಿನಂತೆ, ಚ್ಯಾರಿಟಿ ಕಮಿಶನರರ ಪೂರ್ವಾನುಮತಿಯಿಲ್ಲದೆ ಸಾರ್ವಜನಿಕ ಟ್ರಸ್ಟಿನ ಸ್ಥಿರಾಸ್ತಿಯನ್ನು ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ಅದಲುಬದಲು ಮಾಡಿಕೊಳ್ಳುವಂತಿಲ್ಲ. ಕಟ್ಟಡವನ್ನು 3 ವರ್ಷಕ್ಕೂ ಹೆಚ್ಚಿನ ಅವಧಿಗೆ ಲೀಸಿಗೆ ಕೊಡಲೂ ಅಪ್ಪಣೆ ಬೇಕು. ಮೂಲ ಉದ್ದೇಶವನ್ನು ನಡೆಸುವುದೇ ಅಸಾಧ್ಯವಾದಲ್ಲಿ, ನ್ಯಾಯಾಲಯದ ಆದೇಶ ಪಡೆದು ಆಸ್ತಿಯನ್ನು ಅದಕ್ಕೆ ಸಮೀಪವಾದ ಇನ್ನೊಂದು ಉದ್ದೇಶಕ್ಕೆ ತಿರುಗಿಸುವ ದಾರಿಯೂ ಅದೇ ಕಾಯಿದೆಯಲ್ಲಿದೆ. ಆದರೆ ಅಂದಿನ ಸಭೆಗೆ ಟ್ರಸ್ಟ್ ಪತ್ರವನ್ನೇ ಯಾರೂ ತಂದಿರಲಿಲ್ಲ. ಬಿಲ್ಡರನು ಕಳಿಸಿದ ಬಣ್ಣದ ನಕಾಶೆ ಮಾತ್ರ ಮೇಜಿನ ಮೇಲಿತ್ತು!

ಈ ಚರ್ಚೆ ನಮ್ಮವರದೊಂದೇ ಅಲ್ಲ. ಅಮೇರಿಕದ ಫಿಲಡೆಲ್ಫಿಯ ನಗರದಲ್ಲಿ 2013ರಲ್ಲಿ 20ಕ್ಕೂ ಹೆಚ್ಚು ಸಾರ್ವಜನಿಕ ಶಾಲೆಗಳನ್ನು ಒಮ್ಮೆಲೆ ಮುಚ್ಚಿದರು. ತೀರ್ಮಾನಿಸಿದ್ದು ಜನರು ಆರಿಸಿದ ಮಂಡಳಿಯಲ್ಲ. ಗವರ್ನರ್ ಮತ್ತು ಮೇಯರ್ ನೇಮಿಸಿದ ಐವರ ಆಯೋಗ. ಮುಚ್ಚಿದವುಗಳಲ್ಲಿ ಬಾಕ್ ಎಂಬ ಕಸುಬು ಶಾಲೆಯೂ ಒಂದು. 1930ರ ದಶಕದಲ್ಲಿ ಸಾರ್ವಜನಿಕ ಹಣದಿಂದ ಎದ್ದ ಭಾರೀ ಕಟ್ಟಡ. ಅದು 17.5 ಲಕ್ಷ ಡಾಲರಿಗೆ ಮಾರಿಹೋಯಿತು. ಕೊಂಡವರು ಕೋಣೆಗಳನ್ನು ಕುಶಲಕರ್ಮಿಗಳಿಗೂ ಸಣ್ಣ ಉದ್ಯಮಗಳಿಗೂ ಬಾಡಿಗೆಗೆ ಕೊಟ್ಟರು; ಮಾಳಿಗೆಯ ಮೇಲೆ ಪಾನಗೃಹವೂ ಬಂತು. ಬಡವರ ಮಕ್ಕಳು ಕಲಿತ ಕಡೆ ಉಳ್ಳವರು ಕುಡಿಯುತ್ತಾರೆಂದು ಕೆಲವರು ನೊಂದುಕೊಂಡರು. ಪಾಳು ಬೀಳುವುದಕ್ಕಿಂತ ಲೇಸೆಂದು ಕೆಲವರು ಸಮಾಧಾನಪಟ್ಟರು. ಪಾಳು ಬೀಳುವ ಭಯ ಸುಳ್ಳೂ ಅಲ್ಲ. ಅದೇ ವರ್ಷ ಮುಚ್ಚಿದ ಜರ್ಮನ್‌ಟೌನ್ ಹೈಸ್ಕೂಲಿಗೆ ನೂರು ತುಂಬಲು ಒಂದೇ ವರ್ಷ ಉಳಿದಿತ್ತು. ಅದರ ಕಟ್ಟಡ ವರ್ಷಗಟ್ಟಲೆ ಬರಿದಾಗಿ ನಿಂತಿತು.

ಆದಕಾರಣ ಬೀಗ ಹಾಕಿ ಕೂರುವುದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಮುಂಬಯಿಯಲ್ಲಿ ಒಮ್ಮೆ ಕೈಬಿಟ್ಟ ನೆಲವನ್ನು ನಮ್ಮಂಥವರ ವಂತಿಗೆಯಿಂದ ಮತ್ತೆ ಕೊಳ್ಳುವುದು ಆಗದ ಮಾತು. ಮೊದಲು ಬಾಡಿಗೆಯ ದಾರಿ ನೋಡಬೇಕು. ಕೆಳ ಅಂತಸ್ತನ್ನು ಬೇರೆ ವಿದ್ಯಾಸಂಸ್ಥೆಗೋ ಆಸ್ಪತ್ರೆಗೋ ಕೊಟ್ಟು, ಮೇಲೆ ಎರಡು ಕೋಣೆಗಳನ್ನು ವಾಚನಾಲಯಕ್ಕೂ ಭಾನುವಾರದ ಕನ್ನಡ ತರಗತಿಗೂ ಇಟ್ಟುಕೊಂಡರೆ ಮಾಳಿಗೆಯ ರಿಪೇರಿಗೂ ಕಾಸು ಹುಟ್ಟೀತು. ಮಾರಲೇಬೇಕಾದ ಕಾಲ ಬಂದರೆ, ಬಂದ ಹಣವೆಲ್ಲ ಪ್ರತ್ಯೇಕ ನಿಧಿಯಾಗಬೇಕು; ಅಸಲು ಮುಟ್ಟಕೂಡದು. ಬಡ್ಡಿ ಯಾವ ಮಕ್ಕಳಿಗೆ, ಯಾವ ಕಲಿಕೆಗೆ ಎಂಬುದನ್ನು ಮಾರಾಟದ ಮುಂಚೆ, ಅನುಮತಿ ಕೋರುವ ಅರ್ಜಿಯಲ್ಲಿಯೇ ಬರೆಯಬೇಕು. "ಆಮೇಲೆ ನೋಡೋಣ" ಎಂದರೆ ಅರ್ಧ ಹಣ ಸಭಾಭವನದ ಅಲಂಕಾರಕ್ಕೂ ವಾರ್ಷಿಕೋತ್ಸವದ ಶಾಲುಗಳಿಗೂ ಹೋಗುತ್ತದೆ. ಸಂಘಜೀವನದ ಅನುಭವವುಳ್ಳ ತಮಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಆ ಮಂಡಳಿ ಮುಂದಿನ ತಿಂಗಳು ಮತ್ತೆ ಸೇರಲಿದೆ. ಅದರ ಸದಸ್ಯರು ಕೆಲವರು ಇಲ್ಲಿಯೇ ಕುಳಿತಿದ್ದೀರಿ. ಟ್ರಸ್ಟ್ ಪತ್ರದ ನಕಲು, ಪ್ರಾಪರ್ಟಿ ಕಾರ್ಡು, ಮಾನ್ಯತೆ ಪಡೆದ ಮೌಲ್ಯಮಾಪಕರ ವರದಿ, ಈ ಮೂರೂ ಮೇಜಿನ ಮೇಲೆ ಬರುವ ತನಕ ಯಾವ ಕಡೆಗೂ ಕೈ ಎತ್ತಬೇಡಿರೆಂದು ಬಿನ್ನವಿಸಿಕೊಳ್ಳುತ್ತೇನೆ.