ತಪ್ಪು ಕನ್ನಡದ್ದಲ್ಲ, ಚಿಪ್ಪಿನದ್ದು!



ನಾನು ಪಿಯುಸಿವರೆಗೆ ಓದಿದವನು. ಮನೋಳಿಯಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್ ಬುಕ್ಕು, ಯಲ್ಲಮ್ಮನ ಜಾತ್ರೆಯ ಹ್ಯಾಂಡ್‌ಬಿಲ್ಲು, ಇಷ್ಟೇ ನನ್ನ ಪ್ರಪಂಚ. ಇಂಥವನು ಪೇಟೆಯ ಕಂಪ್ಯೂಟರ್ ಹುಡುಗರಿಗೆ ಪ್ರೊಸೆಸರಿನ ಬಗ್ಗೆ ಏನು ಹೇಳಬಲ್ಲ ಎಂದು ನಗಬೇಡಿ. ನನ್ನ ಯಂತ್ರ ನನಗೆ ಕಲಿಸಿದ್ದನ್ನು ಹೇಳುತ್ತೇನೆ.

2016ರಲ್ಲಿ ಅಗ್ಗದ ಕಂಪ್ಯೂಟರೊಂದನ್ನು ತಂದು ಲಿನಕ್ಸ್ ಹಾಕಿಸಿದೆ. ವಾರದೊಳಗೇ ಅದು ಇದ್ದಕ್ಕಿದ್ದಂತೆ ಸಾಯತೊಡಗಿತು. ಮೌಸ್ ಅಲುಗದು, ಕೀಬೋರ್ಡ್ ಮಾತು ಕೇಳದು, ತೆರೆಯ ಮೇಲಿನ ಲಗ್ನಪತ್ರಿಕೆ ಕಲ್ಲಾಗಿ ನಿಂತಿರುತ್ತಿತ್ತು. ರಿಪೇರಿಯವನು ಬಂದವನೇ ತೀರ್ಪು ಕೊಟ್ಟ: "ಮಾಲಕ್ರ, ಕನ್ನಡ ಫಾಂಟ್ ಭಾಳ ತುಂಬೀರಿ. ಅವನ್ನ ತಗೀರಿ, ಎಲ್ಲಾ ಇಂಗ್ಲಿಷ್‌ನ್ಯಾಗ ಇಡ್ರಿ, ಸರಿ ಆಗ್ತೈತಿ."

ನನ್ನ ಪ್ರೆಸ್ಸಿನಿಂದ ಕನ್ನಡ ತೆಗೆದರೆ ಉಳಿಯುವುದೇನು? ರದ್ದಿ!

ಸಿಟ್ಟು ಬಂತು. ಆದರೆ ಸಿಟ್ಟಿಗೆ ಕಂಪ್ಯೂಟರ್ ಏಳುವುದಿಲ್ಲವಲ್ಲ. ಹಾಳಾದ ಬಿಲ್ ಹಾಳೆಗಳ ಬೆನ್ನಿಗೆ ಬರೆಯುತ್ತ ಹೋದೆ: ಎಷ್ಟು ಗಂಟೆಗೆ ನಿಂತಿತು, ಆಗ ಏನು ನಡೆದಿತ್ತು. ಹದಿನೈದು ದಿನದ ಲೆಕ್ಕ ತೆಗೆದರೆ, ದುಡಿಯುವಾಗ ಅದು ಒಮ್ಮೆಯೂ ಸತ್ತಿರಲಿಲ್ಲ. ನಾನು ಚಹಾಕ್ಕೆ ಹೋದಾಗ, ಊಟಕ್ಕೆ ಎದ್ದಾಗ ಮಾತ್ರ ಸತ್ತಿತ್ತು! ಅಕ್ಷರ ಮೂಡಿಸುವ ತಂತ್ರಾಂಶ ಕೆಟ್ಟರೆ ಸಾಮಾನ್ಯವಾಗಿ ಆ ತಂತ್ರಾಂಶ ಮಾತ್ರ ಮುಚ್ಚಿಕೊಳ್ಳುತ್ತದೆ. ಇಡೀ ಯಂತ್ರವೇ ನಿಲ್ಲಬೇಕಾದರೆ ಪೆಟ್ಟು ಕರ್ನಲ್ಲಿಗೋ ಅದರ ಕೆಳಗಿನ ಚಿಪ್ಪಿಗೋ ಬಿದ್ದಿರಬೇಕು. ರ‍್ಯಾಮ್ ಪರೀಕ್ಷಿಸಿದೆವು, ಪವರ್ ಸಪ್ಲೈ ಬದಲಿಸಿದೆವು. ಎರಡೂ ಸರಿ ಇದ್ದವು.

ಹಾಳೆಗಳನ್ನು ನೋಡಿದ ಅಕ್ಕನ ಮಗ ಅಂದ: "ಮಾಮಾ, ಇದು ಮಲಗಿದಾಗ ಸಾಯಾಕತ್ತೈತಿ." ಕೆಲಸವಿಲ್ಲದಾಗ ಪ್ರೊಸೆಸರು ಕರೆಂಟ್ ಉಳಿಸಲು ಹಂತಹಂತವಾಗಿ ನಿದ್ದೆಗಿಳಿಯುತ್ತದೆ. ನಮ್ಮದು ಆಳಕ್ಕಿಳಿದರೆ ಮೇಲೇಳುತ್ತಿರಲಿಲ್ಲ. ಅದೇ ಚಿಪ್ಪಿನ ಬೇರೆ ಯಂತ್ರಗಳಿಗೂ ಅದೇ ರೋಗವಂತೆ. ಶುರುವಾಗುವಾಗಲೇ ಕರ್ನಲ್ಲಿಗೆ ಒಂದು ಸಾಲಿನ ಅಪ್ಪಣೆ ಕೊಟ್ಟೆವು: ಆಳನಿದ್ದೆ ಬೇಡ. ಮುಗಿಯಿತು! ಫಾಂಟ್ ಒಂದನ್ನೂ ತೆಗೆಯಲಿಲ್ಲ.

ಇದು ಸಣ್ಣವರ ಪಾಡು ಮಾತ್ರವಲ್ಲ. ಡ್ರ್ಯಾಗನ್‌ಫ್ಲೈ ಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆ ಕಟ್ಟಿದ ಮ್ಯಾಥ್ಯೂ ಡಿಲನ್‌ರ ಯಂತ್ರದಲ್ಲಿ ಕಂಪೈಲರು ಎಂದೋ ಒಮ್ಮೆ ಕಾರಣವಿಲ್ಲದೆ ಕುಸಿಯುತ್ತಿತ್ತು. ತಿಂಗಳುಗಟ್ಟಲೆ ಬೆನ್ನುಹತ್ತಿದರು. 2012ರ ಮಾರ್ಚಿನಲ್ಲಿ ಎಎಂಡಿ ಕಂಪನಿ ಒಪ್ಪಿಕೊಂಡಿತು: ಕೆಲವು ಆದೇಶಗಳು ಸಾಲಾಗಿ ಬಂದಾಗ ಪ್ರೊಸೆಸರು ಸ್ಟ್ಯಾಕ್ ಪಾಯಿಂಟರನ್ನೇ ತಪ್ಪಾಗಿ ಬರೆಯುತ್ತಿತ್ತು. ಅಂದರೆ, ಎಲ್ಲಿಗೆ ಓದಿ ನಿಲ್ಲಿಸಿದ್ದೆ ಎಂದು ಪುಸ್ತಕದಲ್ಲಿಟ್ಟ ಗುರುತಿನ ಚೀಟಿಯೇ ಬೇರೆ ಪುಟಕ್ಕೆ ಜಾರಿದಂತೆ.

ಮದ್ದು ಏನು ಗೊತ್ತೆ? ಒಂದು ರಿಜಿಸ್ಟರಿನ ಒಂದೇ ಒಂದು ಬಿಟ್ಟನ್ನು 1 ಮಾಡುವುದು. ರಿಜಿಸ್ಟರೆಂದರೆ ಹಾಜರಿ ಪುಸ್ತಕವಲ್ಲ, ಇಂಥದು ಚಿಪ್ಪಿನೊಳಗಿನ 64 ಸ್ವಿಚ್ಚುಗಳ ಸಾಲು. ಕೆಲವು ಸ್ವಿಚ್ಚು ಏನು ಮಾಡುತ್ತವೆಂದು ಕೈಪಿಡಿಯಲ್ಲಿದೆ. ಉಳಿದವುಗಳ ಮುಂದೆ 'ರಿಸರ್ವ್ಡ್' ಎಂದು ಬರೆದು, ಬಸ್ ಸೀಟಿಗೆ ಟವಲ್ ಹಾಸಿದಂತೆ ಬಿಟ್ಟಿರುತ್ತಾರೆ. 2023ರ ಜುಲೈಯಲ್ಲಿ ಝೆನ್‌ಬ್ಲೀಡ್ ಎಂಬ ಇನ್ನೊಂದು ದೋಷ ಬಯಲಾಯಿತು. ಅದಕ್ಕೂ ತಾತ್ಕಾಲಿಕ ಮದ್ದು ಅದೇ ರಿಜಿಸ್ಟರಿನ ಇನ್ನೊಂದು ಬಿಟ್ಟು!

ಈ ಚಿಪ್ಪುಗಳೇನು ದೇವಲೋಕದಿಂದ ಇಳಿದವಲ್ಲ. ಇಂಟೆಲ್‌ನ ಆರು ಕೋರಿನ ಝಿಯಾನ್ 7400 ರೂಪುಗೊಂಡದ್ದು ಬೆಂಗಳೂರಿನಲ್ಲಿ, ಹೊರಬಂದದ್ದು 2008ರಲ್ಲಿ. ಆ ಕೆಲಸದಲ್ಲಿರುವ ಹುಡುಗರೇ, ನಿಮಗೆ ತಿಳಿದಿರುವ ದೋಷಗಳನ್ನು, ಬಹಿರಂಗವಾದಷ್ಟನ್ನಾದರೂ, ಕನ್ನಡದಲ್ಲಿ ಬರೆಯಿರಿ. ನಾನು ಅಚ್ಚು ಹಾಕಿಕೊಡುತ್ತೇನೆ, ಕಾಗದದ ದುಡ್ಡು ಕೊಟ್ಟರೆ ಸಾಕು. ಉಳಿದವರೇ, ಕರ್ನಲ್ ಬಿದ್ದು ತೆರೆಯ ಮೇಲೆ ಅಕ್ಷರ-ಅಂಕಿಗಳ ರಾಶಿ ಬಂದರೆ ಗಾಬರಿಯಾಗಿ ಸ್ವಿಚ್ ಒತ್ತಬೇಡಿ. ಮೊದಲು ಫೋಟೋ ತೆಗೆಯಿರಿ. ಅದರಲ್ಲಿ 'ಆರ್‌ಐಪಿ' ಎಂಬುದು ಎಲ್ಲಿ ಬಿತ್ತೆಂದು ಹೇಳುತ್ತದೆ, 'ಆರ್‌ಎಸ್‌ಪಿ' ಆಗ ಸ್ಟ್ಯಾಕ್ ಎಲ್ಲಿತ್ತೆಂದು. ನನ್ನ ಯಂತ್ರದಂತೆ ಏನನ್ನೂ ಹೇಳದೆ ಸತ್ತರೆ, ಹೊತ್ತು ಬರೆದಿಡಿ.

ನನ್ನ ಹಾಳೆಗಳು ಇನ್ನೂ ಪ್ರೆಸ್ಸಿನ ಗೋಡೆಗೆ ಸಿಕ್ಕಿಸಿವೆ. ರಿಪೇರಿಯವನು ಈಗಲೂ ಬರುತ್ತಾನೆ, ಟೋನರ್ ತುಂಬಲು.