ಮುಂಗಡದ ಮಾತು
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಎಡದಂಡೆ ಕಾಲುವೆಗೆ ನೀರು ಬಂತೆಂದರೆ ನಾವೆಲ್ಲ ಆಳಿಗಾಗಿ ಓಡಾಡುವವರೇ. ಮುಂಗಡ ಕೊಡುತ್ತೇವೆ, ಅದು ತಪ್ಪಲ್ಲ. ಆದರೆ ‘ರೊಕ್ಕ ತೀರೋತನಕ ಬ್ಯಾರೆ ಕಡೆ ದುಡಿಯಾಕ ಹೋಗಬ್ಯಾಡ’ ಎಂದು ತಡೆದರೆ ಅದು ಜೀತವೇ. ಸಾಲದ ನೆಪದಲ್ಲಿ ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೂ ಅಷ್ಟೇ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಂತೆ ಆ ಸಾಲವೇ ವಜಾ. ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದವೂ ನಡೆಯೋದಿಲ್ಲ. ದುಡಿಸಿಕೊಂಡವರಿಗೆ 3 ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ.

‘ಮುಂಗಡ ತಗೊಂಡು ಬಾರದವರ ಗತಿ?’ ಅಂತೀರಿ. ನ್ಯಾಯವಾದ ಪ್ರಶ್ನೆ. ಕೈಸಾಲಕ್ಕೆ ಕೋರ್ಟು ಐತಿ. ಆಳನ್ನು ಹಿಡಿದಿಡುವ ಹಕ್ಕು ಮಾತ್ರ ಯಾರಿಗೂ ಇಲ್ಲ. ಸಿಂಧನೂರು, ಮಸ್ಕಿಯ ಕೂಲಿಕಾರರೂ ಇಂಥ ದೂರನ್ನು ಲಿಂಗಸುಗೂರಿನ ಸಹಾಯಕ ಆಯುಕ್ತರ ಕಚೇರಿಗೆ ಕೊಡಬಹುದು. ನಾವಂತೂ ಈ ಹಂಗಾಮಿನಿಂದಲೇ ಕೊಟ್ಟ ಮುಂಗಡ, ಮುರಿದ ಕೂಲಿ ಎರಡನ್ನೂ ಚೀಟಿಯಲ್ಲಿ ಬರೆದು, ಆಳಿನ ಕೈಗೂ ಒಂದು ಕೊಡೋಣ.